ಬಿ.ವಿ. ಕಾರಂತರು ಯಾವ ಕ್ಷೇತ್ರದವರು? ನಾಟಕ, ಸಂಗೀತ, ಸಿನಿಮಾ...

ಮೂರನೇ ಸಾಲಿನ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಮಗಳನ್ನು ಮಕ್ಕಳ ನಾಟಕ ಶಿಬಿರಕ್ಕೆ ಸೇರಿಸಿದ್ದೆ. ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ ತಾಲೀಮು ಇನ್ನೂ ಮುಗಿದಿರಲಿಲ್ಲ. ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು. ಒಬ್ಬಳ ಕೈಯಲ್ಲಿ ಎರಡು ತೆಂಗಿನ ಗೆರಟೆ. ಇನ್ನೊಬ್ಬನ ಬಳಿ ಹುಣಸೆ ಬೀಜ ಹಾಕಿದ ತಗಡಿನ ಡಬ್ಬಿ. ಮತ್ತೊಬ್ಬನ ಕೈಯಲ್ಲಿ ಬರೀ ಹಳೇ ಪೇಪರ್. ಅವನು ಆ ಪೇಪರನ್ನು ನಿಧಾನಕ್ಕೆ ಮುದುರಿದ. ತರಗೆಲೆ ಮೇಲೆ ಯಾರೋ ಹೆಜ್ಜೆ ಇಟ್ಟು ಬಂದ ಹಾಗೆ ಕೇಳಿಸಿತು. ನಾನು ತಿರುಗಿ ನೋಡಿಬಿಟ್ಟೆ.

ಶಿಬಿರದ ಮೇಷ್ಟ್ರು, ಇದೆಲ್ಲ ಕಾರಂತರ ಕಡೆಯಿಂದ ಬಂದ ಪಾಠ ಅಂದರು. ದಾರಿಯಲ್ಲಿ ಮಗಳು ಕೇಳಿದಳು: "ಅಪ್ಪಾ, ಕಾರಂತರು ಏನು ಕೆಲಸ ಮಾಡ್ತಿದ್ರು?" ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ.

ನಾಟಕ ನಿರ್ದೇಶಕರು ಅನ್ನೋಣ ಅಂದರೆ, 1976 ಮತ್ತು 1977 ಎರಡೂ ವರ್ಷ ಸಿನಿಮಾ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಮೊದಲು 'ಋಷ್ಯಶೃಂಗ', ಆಮೇಲೆ 'ಘಟಶ್ರಾದ್ಧ'. ಸಂಗೀತಗಾರರು ಅನ್ನೋಣ ಅಂದರೆ, ಅವರು ನಿರ್ದೇಶಿಸಿದ 'ಚೋಮನ ದುಡಿ' ಸಿನಿಮಾಕ್ಕೆ ಸ್ವರ್ಣ ಕಮಲ, ಅಂದರೆ ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾದವರು ಅಂದುಕೊಂಡರೆ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾಗಿದ್ದರು, ಭೋಪಾಲದಲ್ಲಿ ರಂಗಮಂಡಲ, ಮೈಸೂರಿನಲ್ಲಿ ರಂಗಾಯಣ ಅಂತ ನಾಟಕ ತಂಡಗಳನ್ನು ಕಟ್ಟಿದರು. ಇದರ ನಡುವೆ ಮಕ್ಕಳ ನಾಟಕ ಬೇರೆ.

ನನ್ನ ಅನಿಸಿಕೆ ಇಷ್ಟೇ. ಅವರು ಹತ್ತು ಕೆಲಸ ಮಾಡಿದ ಹಾಗೆ ಕಾಣುತ್ತದೆ, ಆದರೆ ಎಲ್ಲವನ್ನೂ ಕಿವಿಯಿಂದಲೇ ಮಾಡಿದರು. ನೀವೇನಂತೀರಿ? ಅವರ ನಾಟಕ ಕಣ್ಣಾರೆ ನೋಡಿದವರು ದಯವಿಟ್ಟು ಬರೆಯಿರಿ.

ಬಂಟ್ವಾಳದವ

ನಮ್ಮ ಕಡೆಯವರು ಮಾರಾಯ್ರೇ, ಬರೆಯದೆ ಹೇಗೆ ಇರುವುದು! ಬಾಬುಕೋಡಿ ವೆಂಕಟರಮಣ ಕಾರಂತ. ಬಾಬುಕೋಡಿ ಇರುವುದು ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ಹುಟ್ಟಿದ್ದು 1929ರಲ್ಲಿ.

ಕಿವಿ ಅಂತ ಹೇಳಿದಿರಲ್ಲ, ಅದಕ್ಕೆ ಒಂದು ಮಾತು. ನಮ್ಮಲ್ಲಿ ರಾತ್ರಿ ಯಕ್ಷಗಾನದ ಆಟ ಇದ್ದರೆ ಚೆಂಡೆ ಎರಡು ಗುಡ್ಡ ಆಚೆಗೂ ಕೇಳುತ್ತದೆ. ಭಾಗವತರ ಪದ ಗಾಳಿ ಬಂದ ಹಾಗೆ ಬಂದು ಹೋಗುತ್ತದೆ. ಯಾವ ಪ್ರಸಂಗ, ಈಗ ಯಾರ ಪ್ರವೇಶ ಅಂತ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುವ ಹಿರಿಯರು ಇದ್ದರು. ನನ್ನ ಅಜ್ಜ ಹಾಗೆಯೇ. ಅದರ ಮೇಲೆ ಭೂತದ ಕೋಲ, ಪಾಡ್ದನ ಅನ್ನುವ ತುಳು ಹಾಡುಗಥೆ, ಅಡಿಕೆ ತೋಟಕ್ಕೆ ಬೀಳುವ ಮಳೆ. ಅಂಥ ಊರಲ್ಲಿ ಬೆಳೆದ ಹುಡುಗನಿಗೆ ಕಥೆ ಮೊದಲು ಕಿವಿಗೇ ಬರುತ್ತದೆ.

ಮೂರನೇ ಕ್ಲಾಸಿನಲ್ಲೇ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದ್ದರು. ಆಮೇಲೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ರಾಜ್‌ಕುಮಾರ್ ಕೂಡ ಅದೇ ಕಂಪನಿಯಲ್ಲಿ ಇದ್ದ ಕಾಲ ಅದು.

ಹೊಸ ಓದುಗಳು

ಒಂದು ಪ್ರಶ್ನೆ ಕೇಳಲಾ? 'ಚೋಮನ ದುಡಿ' ಕಾದಂಬರಿ ಬರೆದವರೂ ಇವರೇನಾ? ನಾನು ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ.

ಪಿಯು ಮೇಷ್ಟ್ರು

ಇಲ್ಲಮ್ಮ. ಕಾದಂಬರಿ ಕೋಟ ಶಿವರಾಮ ಕಾರಂತರದ್ದು. ಅದನ್ನು ಸಿನಿಮಾ ಮಾಡಿದವರು ಬಿ.ವಿ. ಕಾರಂತರು, 1975ರಲ್ಲಿ. ಇಬ್ಬರೂ ಕರಾವಳಿಯವರು, ಇಬ್ಬರೂ ಹಲವು ಕಡೆ ಕೈಹಾಕಿದವರು. ನನ್ನ ಕ್ಲಾಸಿನಲ್ಲೂ ಪ್ರತಿ ವರ್ಷ ಯಾರಾದರೂ ಇದನ್ನೇ ಕೇಳುತ್ತಾರೆ. ಸಂಕೋಚ ಬೇಡ.

ಆ ಸಿನಿಮಾದ ಬಗ್ಗೆ ಸ್ವಲ್ಪ ಹೇಳಬೇಕು ನನಗೆ. ಚೋಮನಿಗೆ ಬೇಕಾಗಿರುವುದು ಸ್ವಂತ ಬೇಸಾಯಕ್ಕೆ ಒಂದು ತುಂಡು ಭೂಮಿ. ಎತ್ತು ಇದೆ, ಕೈಯಲ್ಲಿ ಶಕ್ತಿ ಇದೆ. ಆದರೆ ಅವನ ಜಾತಿಯವನು ಬೇಸಾಯ ಮಾಡುವ ಹಾಗಿಲ್ಲ. ಆ ಸಿಟ್ಟನ್ನು ಯಾರ ಎದುರೂ ಆಡುವ ಹಾಗೂ ಇಲ್ಲ. ಹಾಗಾಗಿ ದುಡಿ ಅನ್ನುವ ಚರ್ಮವಾದ್ಯ ಹೊಡೆಯುತ್ತಾನೆ. ಖುಷಿಯಾದರೂ ದುಡಿ, ದುಃಖವಾದರೂ ದುಡಿ.

ಬೇರೆ ನಿರ್ದೇಶಕರಾಗಿದ್ದರೆ ಆ ದುಡಿಯ ಜೊತೆಗೆ ಪಿಟೀಲು, ಕೊಳಲು ಸೇರಿಸಿ ನಮ್ಮನ್ನು ಅಳಿಸುತ್ತಿದ್ದರೇನೋ. ಇಲ್ಲಿ ಸಂಗೀತವೂ ಕಾರಂತರದ್ದೇ. ದುಡಿಯನ್ನು ದುಡಿಯಾಗಿಯೇ ಉಳಿಸಿದರು. ಕೊನೆಯಲ್ಲಿ ಚೋಮ ಬಾಗಿಲು ಹಾಕಿಕೊಂಡು ಹೊಡೆಯುತ್ತಾನಲ್ಲ, ಅಲ್ಲಿ ಮಾತು ಬೇಕಾಗುವುದೇ ಇಲ್ಲ. ಮೊದಲ ಸಲ ನೋಡಿದಾಗ ಆ ಪೆಟ್ಟು ನಿಂತ ಮೇಲೆ ನಾನು ತುಂಬ ಹೊತ್ತು ಎದ್ದೇಳಲಿಲ್ಲ. ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಿರೀಶ ಕಾಸರವಳ್ಳಿ ಈ ಸಿನಿಮಾದಲ್ಲಿ ಸಹಾಯಕರಾಗಿ ದುಡಿದವರು. ಎರಡು ವರ್ಷಕ್ಕೆ ಅವರದೇ 'ಘಟಶ್ರಾದ್ಧ' ಬಂತು, ಅದಕ್ಕೆ ಸಂಗೀತ ಕಾರಂತರದ್ದು.

ಹೊಸ ಓದುಗಳು

ತುಂಬಾ ಥ್ಯಾಂಕ್ಸ್ ಸಾರ್. ಈ ವಾರವೇ ನೋಡ್ತೇನೆ.

ಸಾಧನಕೇರಿ

ನನಗೆ ಒಂದು ತಕರಾರು ಇದೆ. ಕಾರಂತರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ಅವರ ಸಂಗೀತಕ್ಕೆ ಎಷ್ಟು ಬಲ ಇತ್ತು ಅಂದರೆ ಕೆಲವು ಸಲ ನಾಟಕದ ಮಾತನ್ನೇ ಹಿಂದೆ ಸರಿಸಿಬಿಡುತ್ತಿತ್ತು. 'ಜೋಕುಮಾರಸ್ವಾಮಿ' ತೆಗೆದುಕೊಳ್ಳಿ. ಕಂಬಾರರ ಆ ನಾಟಕದಲ್ಲಿ ಒಂದು ಗಟ್ಟಿ ಪ್ರಶ್ನೆ ಇದೆ. ಭೂಮಿ ಯಾರದು, ಉಳುವವನದೋ, ಕಾಗದ ಇಟ್ಟುಕೊಂಡವನದೋ? ನಾಟಕ ನೋಡಿ ಹೊರಗೆ ಬಂದವರ ಬಾಯಲ್ಲಿ ಹಾಡು ಇರುತ್ತದೆ. ಆ ಪ್ರಶ್ನೆ ಎಷ್ಟು ಜನರ ಜೊತೆ ಮನೆಗೆ ಹೋಯಿತು? ಕಾರಂತರ ನಂತರ ಬಂದವರಲ್ಲಿ ಇದು ಇನ್ನೂ ಜಾಸ್ತಿ ಆಯಿತು. ಹಾಡು, ಕುಣಿತ, ಬಣ್ಣದ ಬಟ್ಟೆ ಇದ್ದರೆ ಸಾಕು, ಅದೇ ರಂಗಭೂಮಿ ಅನ್ನುವ ಹಾಗೆ ಆಯಿತು. ಜಾನಪದ ಅನ್ನೋದು ಒಂದು ಅಲಂಕಾರವಾಗಿ ಹೋಯಿತು.

ಎರಡನೆಯದು, ಅವರು ಎಲ್ಲೂ ನಿಲ್ಲಲಿಲ್ಲ. ನಾಟಕ ಶಾಲೆಯಲ್ಲಿ 1977ರಿಂದ 81. ಭೋಪಾಲದಲ್ಲಿ 86ರವರೆಗೆ. ಮೈಸೂರಿನಲ್ಲಿ 1989ರಿಂದ 95. ಸಿನಿಮಾ ನಿರ್ದೇಶನವನ್ನೂ ಅರ್ಧಕ್ಕೆ ಬಿಟ್ಟ ಹಾಗೇ. 'ಚೋಮನ ದುಡಿ' ಮಾಡಿದ ಕೈ ಇನ್ನು ಹತ್ತು ಸಿನಿಮಾ ಮಾಡಿದ್ದರೆ ಕನ್ನಡಕ್ಕೆ ಏನು ಸಿಗುತ್ತಿತ್ತೋ! ಅವರ ಆತ್ಮಕಥೆಯ ಹೆಸರೇ 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ವೈದೇಹಿ ಅವರು ನಿರೂಪಿಸಿದ್ದು, ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯ ಪ್ರಕಟಣೆ. ಓದಿದರೆ ಆ ಚಡಪಡಿಕೆ ಗೊತ್ತಾಗುತ್ತದೆ.

ನೇಪಥ್ಯ

ಸಾಧನಕೇರಿ ಸರ್, ನಿಮ್ಮ ಮೊದಲ ಮಾತಿಗೆ ಅರ್ಧ ಒಪ್ಪಿಗೆ. ಅನುಕರಣೆ ಮಾಡಿದವರ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ಅದರ ಹೊಣೆ ಕಾರಂತರ ಮೇಲೆ ಹೊರಿಸಬೇಡಿ.

1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಏನಾಯಿತು ಅಂತ ನೆನಪಿಸಿಕೊಳ್ಳಿ. ಮೂರು ನಾಟಕ. ಲಂಕೇಶರು ಅನುವಾದಿಸಿದ 'ದೊರೆ ಈಡಿಪಸ್', ಲಂಕೇಶರದೇ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ'. ಒಂದು ಗ್ರೀಕ್ ದುರಂತ, ಒಂದು ಬಸವಣ್ಣನ ಕಾಲದ ಕಥೆ, ಒಂದು ಉತ್ತರ ಕರ್ನಾಟಕದ ಬಯಲಾಟದ ಧಾಟಿ. ಮೂರಕ್ಕೂ ಒಬ್ಬರೇ ನಿರ್ದೇಶಕರು. ಬರೀ ಹಾಡು ಕಟ್ಟುವವರಿಗೆ ಈಡಿಪಸ್ ಮಾಡೋಕೆ ಆಗುತ್ತಾ? ಆ ನಾಟಕ ನಿಲ್ಲುವುದೇ ಮಾತಿನ ಮೇಲೆ. ಹವ್ಯಾಸಿ ರಂಗಭೂಮಿಗೆ ಹೊಸ ಹುಮ್ಮಸ್ಸು ಬಂದದ್ದು ಅಲ್ಲಿಂದ ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. ಎರಡು ವರ್ಷಕ್ಕೆ 'ಬೆನಕ' ಶುರುವಾಯಿತು. ಬೆಂಗಳೂರು ನಗರ ಕಲಾವಿದರು, ಅದೇ ಬೆನಕ.

ನಿಲ್ಲಲಿಲ್ಲ ಅನ್ನೋದರ ಬಗ್ಗೆ. ನಾನು ಸುಮಾರು ವರ್ಷ ಬೆಳಕಿನ ಕೆಲಸ ಮಾಡಿದವನು, ಒಳಗಿಂದ ನೋಡಿದ್ದೇನೆ. ಹವ್ಯಾಸಿ ತಂಡ ಅಂದರೆ ಹೇಗಿರುತ್ತದೆ ಗೊತ್ತಲ್ವಾ. ಬ್ಯಾಂಕಿನಿಂದ ಬಂದವನು ಏಳು ಗಂಟೆಗೆ ತಾಲೀಮಿಗೆ ಬರುತ್ತಾನೆ, ಸುಸ್ತಾಗಿರುತ್ತಾನೆ. ಒಬ್ಬರು ಬಂದರೆ ಇನ್ನೊಬ್ಬರು ಬರಲ್ಲ. ರಂಗಾಯಣ ಬಂದ ಮೇಲೆ ನಟನೆಯೇ ಕೆಲಸ, ಅದಕ್ಕೇ ಸಂಬಳ. ಬೆಳಿಗ್ಗೆ ದೇಹಕ್ಕೆ ಕಸರತ್ತು, ಆಮೇಲೆ ಹಾಡು, ಆಮೇಲೆ ತಾಲೀಮು. ಸರ್ಕಾರದ ದುಡ್ಡಿನಲ್ಲಿ ಕನ್ನಡದ ನಟರ ಒಂದು ತಂಡ ವರ್ಷವಿಡೀ ಕೆಲಸ ಮಾಡಬಹುದು ಅಂತ ತೋರಿಸಿಕೊಟ್ಟವರು ಅವರು. ಅವರು ಹೋದ ಮೇಲೂ ರಂಗಾಯಣ ಇದೆ. ಧಾರವಾಡ, ಶಿವಮೊಗ್ಗ, ಕಲಬುರಗಿಗೂ ಬಂದಿದೆ. ನಿಮ್ಮ ಊರಿನಲ್ಲೇ ಇದೆಯಲ್ಲ ಸರ್. ಕಟ್ಟಿಕೊಟ್ಟು ಹೋಗುವುದೂ ಒಂದು ಕೆಲಸವೇ.

ಸಾಧನಕೇರಿ

ರಂಗಾಯಣದ ವಿಷಯ ಒಪ್ಪಿದೆ. ಈಡಿಪಸ್ ಮಾತೂ ಸರಿ, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿನಿಮಾ ಬಿಟ್ಟ ಬೇಸರ ಮಾತ್ರ ಹಾಗೇ ಇದೆ.

ಚಿತ್ರಕಥೆ

ಸಿನಿಮಾ ನಿರ್ದೇಶನ ಕಡಿಮೆ ಆಯಿತು, ನಿಜ. ಕಾರ್ನಾಡರ ಜೊತೆ 'ವಂಶವೃಕ್ಷ', ಆಮೇಲೆ 'ತಬ್ಬಲಿಯು ನೀನಾದೆ ಮಗನೆ'. ಎರಡೂ ಭೈರಪ್ಪನವರ ಕಾದಂಬರಿ. 'ವಂಶವೃಕ್ಷ'ಕ್ಕೆ ಇಬ್ಬರಿಗೂ ಸೇರಿ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುವರ್ಧನ್ ದೊಡ್ಡವರಾದ ಮೇಲೆ ಮೊದಲು ಕಾಣಿಸಿಕೊಂಡದ್ದೂ ಅದರಲ್ಲೇ.

ಆದರೆ ಸಿನಿಮಾ ಬಿಟ್ಟರು ಅನ್ನಬೇಡಿ. ಬೇರೆಯವರ ಸಿನಿಮಾದ ಒಳಗೆ ಇದ್ದರು. 'ಕಾಡು' ಸಂಗೀತ ಅವರದ್ದು. 'ಹಂಸಗೀತೆ'ಯಲ್ಲಿ ಬಾಲಮುರಳಿಕೃಷ್ಣ ಅವರ ಜೊತೆ ಇವರ ಹೆಸರೂ ಇದೆ. ಬಂಗಾಳದ ಮೃಣಾಲ್ ಸೇನ್ ಇವರನ್ನು ಕರೆಸಿಕೊಂಡರು. 'ಪರಶುರಾಮ್', 'ಏಕ್ ದಿನ್ ಪ್ರತಿದಿನ್', 'ಖಾರಿಜ್' ಮೂರಕ್ಕೂ ಸಂಗೀತ ಕಾರಂತರದ್ದು. 'ಏಕ್ ದಿನ್ ಪ್ರತಿದಿನ್' ನೋಡಿ, ಕಲ್ಕತ್ತದ ಮಧ್ಯಮ ವರ್ಗದ ಮನೆ, ರಾತ್ರಿಯಾದರೂ ಮನೆಗೆ ಬಾರದ ಮಗಳು. ಅಲ್ಲಿ ಹಾಡಿಗೆ ಜಾಗವೇ ಇಲ್ಲ. ಅಂಥ ಸಿನಿಮಾಕ್ಕೆ ಸಂಗೀತ ಮಾಡೋದು ಅಂದರೆ ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿರಬೇಕು. ಹಾಡು ಮಾತನ್ನು ನುಂಗಿತು ಅನ್ನುವವರು ಇವನ್ನೊಮ್ಮೆ ನೋಡಲಿ ಅಂತ ನನ್ನ ಆಸೆ.

ಅವರಿಗೆ ಶಾಸ್ತ್ರೀಯ ಪಾಠವೂ ಆಗಿತ್ತು. ಗುಬ್ಬಿ ವೀರಣ್ಣನವರೇ ಓದಲಿಕ್ಕೆ ಕಾಶಿಗೆ ಕಳಿಸಿದರು. ಹಿಂದಿ ಎಂ.ಎ. ಮಾಡಿದರು, ಅಲ್ಲೇ ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತರು. ಯಕ್ಷಗಾನದ ಚೆಂಡೆ, ಕಂಪನಿ ನಾಟಕದ ಹಾರ್ಮೋನಿಯಂ, ಕಾಶಿಯ ರಾಗ. ಈ ಮೂರೂ ಒಬ್ಬರ ಕಿವಿಯಲ್ಲೇ ಕೂತಿದ್ದವು.

ನಡುಮನೆ

ಎಲ್ಲ ಓದಿದೆ. ಇಷ್ಟು ಹೊತ್ತಾದರೂ ಒಬ್ಬರೂ ಕಾರಂತರ ಹೆಂಡತಿ ಪ್ರೇಮಾ ಕಾರಂತರ ಹೆಸರು ಎತ್ತಲಿಲ್ಲ. ಬೇಜಾರಾಯಿತು.

ಕಾರಂತರು ದಿಲ್ಲಿ, ಬೆಂಗಳೂರು, ಭೋಪಾಲ ಅಂತ ತಿರುಗುತ್ತಿದ್ದಾಗ ಮಕ್ಕಳ ರಂಗಭೂಮಿಯನ್ನು ಬಿಡದೆ ಹಿಡಿದುಕೊಂಡವರು ಅವರು. ಬೆನಕ ಮಕ್ಕಳ ಕೇಂದ್ರ ಅವರ ದುಡಿಮೆ. ನಾಟಕಗಳ ವಸ್ತ್ರವಿನ್ಯಾಸ ಅವರ ಕೈಯದು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಸಿನಿಮಾ ಮಾಡಿದ್ದು ಪ್ರೇಮಾ ಅವರು. ಬಾಲವಿಧವೆಯಾಗಿ ತಲೆ ಬೋಳಿಸಿಕೊಂಡು ಜನ್ಮವೆಲ್ಲ ಬೇರೆಯವರ ಮನೆಕೆಲಸ, ಬಾಣಂತನ ಮಾಡಿದ ಒಬ್ಬ ಹೆಂಗಸಿನ ಕಥೆ. ಎಷ್ಟು ಮೆತ್ತಗೆ ಮಾಡಿದ್ದಾರೆ ಅಂದರೆ, ಕೂಗಾಟ ಇಲ್ಲದೆಯೇ ಎದೆ ಭಾರವಾಗುತ್ತದೆ.

ನಾನು ಚಿಕ್ಕವಳಿದ್ದಾಗ ಬೆಂಗಳೂರಿನಲ್ಲಿ 'ಅಳಿಲು ರಾಮಾಯಣ' ನೋಡಿದ್ದೆ. ಕಥೆ ಅಷ್ಟಾಗಿ ನೆನಪಿಲ್ಲ. ಅಳಿಲುಗಳ ಬಾಲ ನೆನಪಿದೆ. ಹಳೇ ಬಟ್ಟೆ ಸುತ್ತಿ ಮಾಡಿದ ಬಾಲ, ನಡೆದಾಗ ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು. ಮನೆಗೆ ಬಂದು ಅಮ್ಮನ ಹಳೇ ಸೀರೆ ಸೊಂಟಕ್ಕೆ ಕಟ್ಟಿಕೊಂಡು ಒಂದು ವಾರ ಓಡಾಡಿದೆ. ಒಬ್ಬರ ಬಹುಮುಖ ಪ್ರತಿಭೆ ಅನ್ನುವಾಗ ಅದರಲ್ಲಿ ಎಷ್ಟು ಭಾಗ ಇಬ್ಬರದು ಅಂತಲೂ ನೋಡಬೇಕು ಅಲ್ವಾ?

ಮೂರನೇ ಸಾಲಿನ ಪ್ರೇಕ್ಷಕ

ಮೇಡಂ, ನೀವು ಹೇಳಿದ್ದು ಖಂಡಿತ ಸರಿ. ನಾನೇ ಮೊದಲು ಬರೆಯಬೇಕಿತ್ತು. ಮಕ್ಕಳ ಶಿಬಿರದಿಂದ ಮಾತು ಶುರು ಮಾಡಿ ಅವರನ್ನೇ ಬಿಟ್ಟೆ. ತಪ್ಪಾಯಿತು.

ಬಂಟ್ವಾಳದವ

ಪ್ರೇಮಾ ಅಕ್ಕನ ವಿಷಯ ಹೇಳಿದ್ದು ಒಳ್ಳೆಯದಾಯಿತು. 'ಪಂಜರ ಶಾಲೆ'ಯನ್ನೂ ಸೇರಿಸಿ. ಗಿಣಿಗೆ ಪಾಠ ಕಲಿಸುತ್ತೇವೆ ಅಂತ ಪಂಜರದೊಳಗೆ ಇಟ್ಟು ಪುಸ್ತಕ ತುರುಕುವ ಕಥೆ. ನಾವು ಶಾಲೆಯಲ್ಲಿ ಆಡಿದ್ದೇವೆ.

ಅರೇರಾ ಕಾಲೋನಿ

ಭೋಪಾಲದಿಂದ ಬರೆಯುತ್ತಿದ್ದೇನೆ. ಅಪ್ಪನ ಕೆಲಸದಿಂದಾಗಿ ಇಲ್ಲೇ ಬೆಳೆದ ಕನ್ನಡದವಳು. ಕನ್ನಡದವರಿಗೆ ರಂಗಮಂಡಲದ ಕಥೆ ಅಷ್ಟಾಗಿ ಗೊತ್ತಿಲ್ಲ ಅನಿಸುತ್ತದೆ.

ಭಾರತ ಭವನ ದೊಡ್ಡ ಕೆರೆಯ ದಂಡೆಯಲ್ಲಿದೆ. 1982ರಲ್ಲಿ ಶುರುವಾಯಿತು. ಕಾರಂತರು ಅಲ್ಲಿನ ರಂಗಮಂಡಲದ ನಿರ್ದೇಶಕರು. ದಿಲ್ಲಿಯ ಹಿಂದಿಯನ್ನು ತಂದು ಇಲ್ಲಿಯವರ ಬಾಯಿಗೆ ತುರುಕಲಿಲ್ಲ ಅವರು. ಬುಂದೇಲಿ, ಮಾಳವಿ, ಛತ್ತೀಸಗಢಿ, ಯಾರ ಮನೆಮಾತು ಯಾವುದೋ ಅದರಲ್ಲೇ ನಾಟಕ ಕಟ್ಟಿದರು. ನಮ್ಮ ಪಕ್ಕದ ಮನೆಯ ಅಜ್ಜಿ ಬುಂದೇಲಖಂಡದವರು. ಮನೆಯಲ್ಲಿ ಆಡುವ ಮಾತು ಅಷ್ಟು ದೊಡ್ಡ ರಂಗಮಂದಿರದಲ್ಲಿ ಕೇಳಿ ಬಂದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಖುಷಿಗೋ ಅಳುವಿಗೋ ಗೊತ್ತಾಗಲಿಲ್ಲ. ಅವರ ಭಾಷೆಯನ್ನು ಅಲ್ಲಿಯವರೆಗೆ ಎಲ್ಲರೂ ಹಳ್ಳಿ ಮಾತು ಅಂತಲೇ ಅನ್ನುತ್ತಿದ್ದರು.

ತುಳು ನಾಡಿನಿಂದ ಬಂದು, ಕಾಶಿಯಲ್ಲಿ ಹಿಂದಿ ಓದಿದವರಿಗೆ ಇದು ಹೇಗೆ ಹೊಳೆಯಿತು ಅಂತ ನಾನು ಯೋಚಿಸಿದ್ದಿದೆ. ಬಹುಶಃ ಹೊರಗಿನವರಾದ್ದರಿಂದಲೇ ಹೊಳೆಯಿತೋ ಏನೋ. ಅವರಿಗೆ ಯಾವ ಮಾತೂ ಮೇಲಲ್ಲ, ಕೆಳಗಲ್ಲ, ಎಲ್ಲವೂ ಒಂದೊಂದು ನಾದ.

ಅದಕ್ಕೂ ಮೊದಲು ದಿಲ್ಲಿಯಲ್ಲಿ 'ಮ್ಯಾಕ್‌ಬೆತ್' ಮಾಡಿದ್ದರು. ರಘುವೀರ ಸಹಾಯ್ ಅವರ ಹಿಂದಿ ಅನುವಾದ, ಹೆಸರು 'ಬರ್ನಂ ವನ'. ಆಡಿಸಿದ್ದು ಯಕ್ಷಗಾನದ ಹೆಜ್ಜೆಯಲ್ಲಿ. ಷೇಕ್ಸ್‌ಪಿಯರ್, ಹಿಂದಿ, ಚೆಂಡೆ! ಹಿಂದಿನ ನಿರ್ದೇಶಕ ಅಲ್ಕಾಜಿ ಅವರ ಕಾಲದ ಶಿಸ್ತಿನಲ್ಲಿ ಬೆಳೆದ ನಾಟಕ ಶಾಲೆಗೆ ಅದು ಬೇರೆಯೇ ಗಾಳಿ.

ನೇಪಥ್ಯ

ಅಕ್ಕಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆ ಅಜ್ಜಿಯ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಚಿಂತೆ ಹೇಳಿಕೊಳ್ಳುತ್ತೇನೆ. ಕಾರಂತರು 2002ರ ಸೆಪ್ಟೆಂಬರ್ 1ರಂದು ಹೋದರು. ನೂರಕ್ಕೂ ಮೇಲೆ ನಾಟಕ ಮಾಡಿದವರು. ಆ ಹಾಡುಗಳು ಬಾಯಿಂದ ಬಾಯಿಗೆ ಉಳಿದಿವೆ. ಹೀಗೆ ಉಳಿದದ್ದು ನಿಧಾನಕ್ಕೆ ಬದಲಾಗುತ್ತದೆ. ಈಗ ರಂಗಗೀತೆ ಕಾರ್ಯಕ್ರಮಗಳಲ್ಲಿ ಕೀಬೋರ್ಡು, ರಿದಂ ಪ್ಯಾಡು ಇಟ್ಟುಕೊಂಡು ಹಾಡುತ್ತಾರೆ. ಚೆನ್ನಾಗಿ ಹಾಡುವವರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ತಾಲೀಮಿನ ಕೋಣೆಯಲ್ಲಿ ಹುಟ್ಟಿದಾಗ ಆ ಹಾಡು ಹೇಗಿತ್ತು? ಎಲ್ಲಿ ತಾಳ ಬಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದರು? ಯಾವ ಸಾಲಿಗೆ ಮೇಳದವರು ಸೇರುತ್ತಿದ್ದರು? ಅದು ಸ್ವರ ಬರೆದರೂ ಸಿಗುವುದಿಲ್ಲ. ಆಗ ಯಾರಾದರೂ ಟೇಪ್ ರೆಕಾರ್ಡರ್ ಒತ್ತಿದ್ದರೆ ಮಾತ್ರ ಸಿಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೇ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ.

ನಡುಮನೆ

ನಮ್ಮ ದೊಡ್ಡಪ್ಪ ಹವ್ಯಾಸಿ ನಾಟಕದಲ್ಲಿ ಇದ್ದವರು. ಅವರು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ ಇವೆ. ಒಂದರ ಮೇಲೆ ಪೆನ್ಸಿಲ್‌ನಲ್ಲಿ 'ಹಯವದನ ತಾಲೀಮು' ಅಂತಿದೆ, ಕಾರ್ನಾಡರ ನಾಟಕ, ಇಸವಿ ಇಲ್ಲ. ಇನ್ನೊಂದರ ಮೇಲೆ ಬರೀ 'ಗೋಕುಲ'. ಪು.ತಿ.ನ. ಅವರ 'ಗೋಕುಲ ನಿರ್ಗಮನ' ಇರಬಹುದಾ? ಕಾರಂತರು ಅದನ್ನು ಮಾಡಿದ್ದರಲ್ಲ. ಹಾಕಿ ಕೇಳೋಣ ಅಂತ ನಿನ್ನೆ ತೆಗೆದೆ. ರೀಲಿನ ಅಂಚಿಗೆ ಬಿಳೀ ಪುಡಿ ಥರ ಏನೋ ಹಿಡಿದಿದೆ. ಭಯವಾಗಿ ವಾಪಸ್ ಇಟ್ಟೆ.

ನೇಪಥ್ಯ

ಮೇಡಂ, ಹಾಕದೇ ಇದ್ದದ್ದು ಬಹಳ ಒಳ್ಳೆಯದಾಯಿತು! ಅದು ಬೂಷ್ಟು. ಹಾಗೇ ಓಡಿಸಿದರೆ ಟೇಪು ಅಂಟಿಕೊಂಡು ಹರಿಯಬಹುದು, ಪ್ಲೇಯರ್‌ನ ಹೆಡ್ಡಿಗೂ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಸದ್ಯಕ್ಕೆ ಆ ಹನ್ನೊಂದನ್ನೂ ಬೇರೆ ಕ್ಯಾಸೆಟ್‌ಗಳಿಂದ ದೂರ ಇಡಿ. ಬಿಸಿಲಿಗೆ ಹಾಕಬೇಡಿ. ಗಾಳಿಯಾಡುವ ಒಣ ಜಾಗದಲ್ಲಿ ನಿಲ್ಲಿಸಿ ಇಡಿ. ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇದ್ದರೆ ಇನ್ನೂ ಒಳ್ಳೆಯದು. ಒರೆಸೋಕೆ ಹೋಗಬೇಡಿ, ಆ ಪುಡಿಯನ್ನು ಉಸಿರಾಡಬೇಡಿ. ಪೆನ್ಸಿಲ್ ಬರಹದ ಫೋಟೋ ಈಗಲೇ ತೆಗೆದಿಟ್ಟುಕೊಳ್ಳಿ. ಟೇಪು ಬಿಡಿಸಿ ಚೊಕ್ಕ ಮಾಡಿ ಬೇರೆ ಡಬ್ಬಿಗೆ ಹಾಕಿದ ಮೇಲೆ ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ತುಂಬಿಸಬೇಕು. ಎಂಪಿ3 ಬೇಡ, ವೇವ್ ಫೈಲ್ ಆಗಲಿ.

ಇನ್ನೊಂದು ಮುಖ್ಯ ಮಾತು. ಅಂಗಡಿಗೆ ಕೊಟ್ಟರೆ ಅವರು ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕಿ ಕೊಡುತ್ತಾರೆ. ಬೇಡ ಅಂತ ಗಟ್ಟಿಯಾಗಿ ಹೇಳಿ. ಗೆರಟೆ, ತಗಡು, ಕಲ್ಲು, ಮುದುರಿದ ಪೇಪರು ಎಲ್ಲವೂ ಆ ಸಾಫ್ಟ್‌ವೇರಿಗೆ ಗದ್ದಲವೇ. ಕಾರಂತರ ಅರ್ಧ ವಾದ್ಯ ಅಳಿಸಿ ಹೋಗುತ್ತದೆ.

ಮೂರನೇ ಸಾಲಿನ ಪ್ರೇಕ್ಷಕ

ಖರ್ಚಿಗೆ ನಾನೂ ಸೇರುತ್ತೇನೆ. ಮೊದಲು ಯಾವುದನ್ನು ಮಾಡಿಸೋಣ, 'ಹಯವದನ'ನಾ 'ಗೋಕುಲ'ನಾ?

ನಡುಮನೆ

'ಹಯವದನ' ಮೊದಲು ಆಗಲಿ. ಅದರಲ್ಲೇ ಬಿಳಿ ಜಾಸ್ತಿ ಇದೆ.